ಎರಡು ಡಾಲರ್ ಮುಖವಾಡದ ಕಥೆ

ಅಕ್ಟೋಬರ್ 31ರ ರಾತ್ರಿ ನಮ್ಮ ಸಂಘದವರಿಗೆ ವಿಚಿತ್ರ ರಾತ್ರಿ. ಒಳಗೆ ಮರುದಿನದ ರಾಜ್ಯೋತ್ಸವಕ್ಕೆ ನಾಡಗೀತೆ ಪ್ರಾಕ್ಟೀಸ್, ಹೊರಗೆ ಕಾರಿಡಾರ್‌ನಲ್ಲಿ ಮುಖವಾಡ ಹಾಕ್ಕೊಂಡು ಓಡಾಡೋ ಹುಡುಗರು. ಆ ಮುಖವಾಡಗಳಲ್ಲಿ ಬಿಳಿಚಿಕೊಂಡ, ಕಣ್ಣಿನ ಜಾಗದಲ್ಲಿ ಬರೀ ಕಪ್ಪು ತೂತು ಇರೋ ಒಂದು ಮುಖ ತಪ್ಪದೆ ಕಾಣುತ್ತೆ. ಅದು 'ಹ್ಯಾಲೋವೀನ್' ಸಿನಿಮಾ ಸರಣಿಯ ಕೊಲೆಗಾರ ಮೈಕಲ್ ಮೈಯರ್ಸ್‌ನ ಮುಖ. 1978ರಿಂದ 2022ರವರೆಗೆ ಈ ಸರಣಿಯಲ್ಲಿ 13 ಸಿನಿಮಾ ಬಂದಿವೆ. ಚಾಕು ಹಿಡಿದವನು ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗೋ ಇಂಥ ಸಿನಿಮಾಗಳಿಗೆ ಸ್ಲಾಷರ್ ಅಂತಾರೆ. ಹದಿಮೂರರಲ್ಲಿ ಬಹುಪಾಲನ್ನು ನೋಡದಿದ್ದರೂ ನಷ್ಟವಿಲ್ಲ. ಆದರೆ ಮೊದಲನೆಯದು ಹೇಗೆ ತಯಾರಾಯ್ತು ಅನ್ನೋದು ಮಾತ್ರ, ಎಂಜಿನಿಯರಿಂಗ್ ಓದಿದ ನನಗೆ, ಸಿನಿಮಾಗಿಂತ ರುಚಿಯಾದ ವಿಷಯ.

ಬಜೆಟ್ ಸುಮಾರು 3 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಆಗಲೂ ಅದು ಚಿಲ್ಲರೆ. ದುಡ್ಡು ಹಾಕಿದವರು ಸಿರಿಯಾ ಮೂಲದ ಮುಸ್ತಫಾ ಅಕ್ಕಾದ್. ಅದಕ್ಕೆ ಎರಡು ವರ್ಷ ಮೊದಲು ಇಸ್ಲಾಂ ಧರ್ಮದ ಹುಟ್ಟಿನ ಬಗ್ಗೆ 'ದಿ ಮೆಸೇಜ್' ಅನ್ನೋ ದೊಡ್ಡ ಚಿತ್ರ ಮಾಡಿದ್ದವರು! ನಿರ್ದೇಶಕ ಜಾನ್ ಕಾರ್ಪೆಂಟರ್, ಅವರ ಜೊತೆ ಕಥೆ ಬರೆದು ನಿರ್ಮಾಣ ನೋಡಿಕೊಂಡವರು ಡೆಬ್ರಾ ಹಿಲ್. ಕಥೆ ನಡೆಯೋದು ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಅನ್ನೋ ಕಾಲ್ಪನಿಕ ಊರಲ್ಲಿ, ಎಲೆ ಉದುರೋ ಅಕ್ಟೋಬರ್‌ನಲ್ಲಿ. ಶೂಟಿಂಗ್ ಆಗಿದ್ದು ಕ್ಯಾಲಿಫೋರ್ನಿಯಾದ ಸೌತ್ ಪಾಸಡೀನಾ ಸುತ್ತಮುತ್ತ, ಮರಗಳೆಲ್ಲ ಹಸಿರಾಗಿರೋ ವಸಂತದಲ್ಲಿ. ಹಾಗಾಗಿ ಬಣ್ಣ ಬಳಿದ ಎಲೆಗಳನ್ನು ಚೀಲದಲ್ಲಿ ತಂದು ರಸ್ತೆಗೆ ಸುರಿಯೋದು, ಶಾಟ್ ಮುಗಿದ ಮೇಲೆ ಗುಡಿಸಿ ತುಂಬಿಕೊಂಡು ಮುಂದಿನ ಬೀದಿಗೆ ಒಯ್ಯೋದು. ಗಮನವಿಟ್ಟು ನೋಡಿದರೆ ಹಿನ್ನೆಲೆಯಲ್ಲಿ ತಾಳೆ ಜಾತಿಯ ಮರಗಳು ಕಾಣುತ್ತವೆ. ಇಲಿನಾಯ್ ಚಳಿಯಲ್ಲಿ ಓದ್ತಿರೋ ನಮ್ಮ ಗೆಳೆಯರು ನೋಡಿದರೆ ನಕ್ಕುಬಿಡ್ತಾರೆ.

ಈಗ ಮುಖವಾಡಕ್ಕೆ ಬರೋಣ. ಕಲಾ ವಿನ್ಯಾಸ ನೋಡಿಕೊಳ್ತಿದ್ದ ಟಾಮಿ ಲೀ ವಾಲೇಸ್ ಅಂಗಡಿಯಿಂದ ರೆಡಿಮೇಡ್ ಮುಖವಾಡಗಳನ್ನು ತಂದರು. ಒಂದು ಕೋಡಂಗಿಯದು. ಇನ್ನೊಂದು, ಎರಡು ಡಾಲರ್‌ಗೂ ಕಡಿಮೆ ಬೆಲೆಯದು, 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್, ಅಂದ್ರೆ ನಟ ವಿಲಿಯಂ ಶಾಟ್ನರ್ ಮುಖ. ವಾಲೇಸ್ ಅದರ ಹುಬ್ಬು, ಕೆನ್ನೆಗೂದಲು ಕಿತ್ತರು, ಕಣ್ಣಿನ ತೂತು ದೊಡ್ಡದು ಮಾಡಿದರು, ಕೂದಲು ಕೆದರಿದರು, ಬಿಳಿ ಸ್ಪ್ರೇ ಪೇಂಟ್ ಹೊಡೆದರು. ಕೋಡಂಗಿ ಮುಖವೂ ಭಯ ಹುಟ್ಟಿಸುತ್ತಿತ್ತು, ಆದರೆ ಅದಕ್ಕೆ ಒಂದು ಭಾವ ಇತ್ತು. ಇದಕ್ಕೆ ಏನೂ ಇಲ್ಲ. ಹುಬ್ಬು ಹೋದ ಮೇಲೆ ಕೋಪವೋ ನಗುವೋ ಓದೋಕೆ ಗುರುತೇ ಉಳಿಯಲ್ಲ. ಮುಖ ಅಂತ ಗೊತ್ತಾಗುತ್ತೆ, ಮನುಷ್ಯ ಅಂತ ಅನ್ನಿಸಲ್ಲ. ಸಿನಿಮಾದ ಹೆಸರುಪಟ್ಟಿಯಲ್ಲೂ ಮುಖವಾಡ ಹಾಕಿದವನು ಮೈಕಲ್ ಅಲ್ಲ, ಬರೀ 'ದಿ ಶೇಪ್', ಅಂದ್ರೆ ಒಂದು ಆಕಾರ.

ಆ ಆಕಾರದೊಳಗೆ ಇದ್ದವರು ನಿಕ್ ಕ್ಯಾಸಲ್, ಕಾರ್ಪೆಂಟರ್ ಅವರ ಕಾಲೇಜ್ ಗೆಳೆಯ. ಸೆಟ್‌ನಲ್ಲಿ ಇದ್ದು ಸಿನಿಮಾ ಮಾಡೋದು ನೋಡಬೇಕು ಅಂತ ಬಂದವರು, ಕೂಲಿ ದಿನಕ್ಕೆ 25 ಡಾಲರ್. ಅವರ ತಂದೆ ಹಾಲಿವುಡ್‌ನಲ್ಲಿ ನೃತ್ಯ ನಿರ್ದೇಶಕರು. ಅವಸರವೇ ಇಲ್ಲದ, ನೀರಿನ ಹಾಗೆ ಜಾರಿಕೊಂಡು ಬರೋ ಆ ನಡಿಗೆ ಮನೆಯಿಂದಲೇ ಬಂದದ್ದು ಅನ್ನಬಹುದು. ಒಬ್ಬನನ್ನು ಗೋಡೆಗೆ ಚುಚ್ಚಿ ನಿಲ್ಲಿಸಿದ ಮೇಲೆ ತಲೆಯನ್ನು ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಿ ನೋಡ್ತಾನಲ್ಲ, ಅದು ಕಾರ್ಪೆಂಟರ್ ಸ್ಥಳದಲ್ಲೇ ಕೊಟ್ಟ ಸೂಚನೆ. ಕಪಾಟಿನ ಬಾಗಿಲು ಒಡೆಯೋ ದೃಶ್ಯದಲ್ಲಿ ಮಾತ್ರ ಮುಖವಾಡದೊಳಗೆ ವಾಲೇಸ್ ಇದ್ದಾರೆ. ಬಾಗಿಲು ತಯಾರು ಮಾಡಿದ್ದು ಅವರೇ, ಎಲ್ಲಿ ಹೊಡೆದರೆ ಮುರಿಯುತ್ತೆ ಅಂತ ಅವರಿಗೇ ಗೊತ್ತು! ಇನ್ನು ಕತ್ತಲ ಬಾಗಿಲಿಂದ ನಾಯಕಿಯ ಹಿಂದೆ ಬಿಳಿ ಮುಖ ಮೆಲ್ಲಗೆ ಮೂಡಿಬರೋ ಶಾಟ್. ಛಾಯಾಗ್ರಾಹಕ ಡೀನ್ ಕಂಡಿ ಅಲ್ಲೊಂದು ಸಣ್ಣ ದೀಪ ಇಟ್ಟು, ಡಿಮ್ಮರ್‌ನಿಂದ ಸ್ವಲ್ಪ ಸ್ವಲ್ಪವೇ ಬೆಳಕು ಏರಿಸಿದರು, ಅಷ್ಟೇ. ಯಂತ್ರ ಇಲ್ಲ, ಗ್ರಾಫಿಕ್ಸ್ ಇಲ್ಲ. ರಕ್ತವೂ ಈ ಚಿತ್ರದಲ್ಲಿ ಹುಡುಕಿದರೆ ಸಿಗೋದು ಬಹಳ ಕಮ್ಮಿ.

ನಾಯಕಿ ಜೇಮೀ ಲೀ ಕರ್ಟಿಸ್‌ಗೆ ಇದು ಮೊದಲ ಸಿನಿಮಾ. ದೃಶ್ಯಗಳನ್ನು ಹಿಂದೆಮುಂದೆ ಮಾಡಿ ತೆಗೆಯುತ್ತಿದ್ದರಿಂದ ಯಾವ ದೃಶ್ಯದಲ್ಲಿ ಎಷ್ಟು ಹೆದರಬೇಕು ಅನ್ನೋದೇ ಗೊಂದಲ. ಅದಕ್ಕೆ ಕಾರ್ಪೆಂಟರ್ ಒಂದು 'ಭಯದ ಮೀಟರ್' ಮಾಡಿಕೊಂಡರು: ಈ ಶಾಟ್‌ಗೆ ಇಷ್ಟು ಪಾಯಿಂಟ್ ಹೆದರಿಕೆ ಸಾಕು, ಮುಂದಿನದಕ್ಕೆ ಇನ್ನಷ್ಟು ಅಂತ. ಲ್ಯಾಬ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿದವರಿಗೆ ಇದು ಅರ್ಥ ಆಗುತ್ತೆ. ಸಿನಿಮಾದ ಮೊದಲ ದೃಶ್ಯ ಕೂಡ ಕೊನೆಗೆ ತೆಗೆದದ್ದೇ. ಕಥೆಗೆ ಬೇಕಾಗಿದ್ದ ಪಾಳುಮನೆ ನಿಜವಾಗಿ ಪಾಳು. ಮೊದಲ ದೃಶ್ಯ ಹದಿನೈದು ವರ್ಷ ಹಿಂದಿನದಾದ್ದರಿಂದ ಅದೇ ಮನೆ ಚೆನ್ನಾಗಿ ಕಾಣಬೇಕು. ಎಲ್ಲರೂ ಸೇರಿ ಕ್ಯಾಮೆರಾ ಕಣ್ಣಿಗೆ ಬೀಳೋ ಗೋಡೆಗಳಿಗೆ ಬಣ್ಣ ಬಳಿದರು. ಆ ದೃಶ್ಯದಲ್ಲಿ ಚಾಕು ತೆಗೆದುಕೊಳ್ಳೋ ಪುಟ್ಟ ಹುಡುಗನ ಕೈ ನಿರ್ಮಾಪಕಿ ಡೆಬ್ರಾ ಹಿಲ್ ಅವರದು.

ಸಂಗೀತ ಹಾಕುವ ಮೊದಲು ಕಾರ್ಪೆಂಟರ್ ಇದನ್ನು ಒಬ್ಬ ಸ್ಟುಡಿಯೋ ಅಧಿಕಾರಿಗೆ ತೋರಿಸಿದಾಗ ಅವರಿಗೆ ಹೆದರಿಕೆಯೇ ಆಗಲಿಲ್ಲವಂತೆ. ಸಂಯೋಜಕರಿಗೆ ಕೊಡೋಕೆ ದುಡ್ಡಿಲ್ಲ, ಹಾಗಾಗಿ ನಿರ್ದೇಶಕರೇ ಪಿಯಾನೊ ಮುಂದೆ ಕೂತರು. ಮೂರು ದಿನದಲ್ಲಿ ಕೆಲಸ ಮುಗಿಯಿತು. ಐದು ಎಣಿಕೆಯ ಆ ತಾಳ ಅವರಿಗೆ ಚಿಕ್ಕಂದಿನಲ್ಲಿ ಸಂಗೀತದ ಪ್ರೊಫೆಸರ್ ಆಗಿದ್ದ ತಂದೆ ಬೊಂಗೊ ಮೇಲೆ ಹೇಳಿಕೊಟ್ಟದ್ದು. ನಮ್ಮ ಸಂಘದ ಮೃದಂಗದವರು ಇದನ್ನ ಕೇಳಿ ಥಟ್ಟನೆ ಬಾಯಲ್ಲಿ ಹೇಳಿಬಿಟ್ಟರು: ತಕಿಟ ತಕಿಟ ತಕ ತಕ. ಕೂಡಿಸಿದರೆ ಹತ್ತು, ಅಂದ್ರೆ ಐದರ ಎರಡು ಪಟ್ಟು. ಖಂಡ ಚಾಪು ಕೇಳಿ ಬೆಳೆದ ಕಿವಿಗೆ ಐದು ಹೊಸದಲ್ಲ. ನಾಲ್ಕರ ಲೆಕ್ಕಕ್ಕೆ ಒಗ್ಗಿದ ಅಮೆರಿಕದ ಪ್ರೇಕ್ಷಕರಿಗೆ ಮಾತ್ರ ಪ್ರತಿ ಸಲವೂ ಕಾಲು ಮೆಟ್ಟಿಲು ತಪ್ಪಿದ ಹಾಗೆ.

ಚಿತ್ರ ಅಮೆರಿಕದಲ್ಲೇ 4 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಆಮೇಲೆ ದುಡ್ಡಿಗೆ ಕೊರತೆ ಇರಲಿಲ್ಲ, ತಾಪತ್ರಯ ಶುರುವಾಗಿದ್ದೇ ಆಗ. 1981ರ ಎರಡನೇ ಭಾಗದಲ್ಲಿ ಕೊಲೆಗಾರ ನಾಯಕಿಯ ಅಣ್ಣ ಅಂತ ಕಾರಣ ಕೊಟ್ಟರು. ನನ್ನ ಪ್ರಕಾರ ಅಲ್ಲಿಗೇ ಅರ್ಧ ಭಯ ಸತ್ತಿತು. 2018ರ ಚಿತ್ರ ಆ ಸಂಬಂಧವನ್ನು ಅಳಿಸಿಹಾಕಿತು. ಇನ್ನು ಮುಖವಾಡ. ಎರಡನೇ ಭಾಗದಲ್ಲಿ ಇರೋದು ಅದೇ ಹಳೆಯದು. ಮಧ್ಯದ ವರ್ಷಗಳಲ್ಲಿ ಅದು ಡೆಬ್ರಾ ಹಿಲ್ ಅವರ ಮಂಚದ ಕೆಳಗಿತ್ತು. ಅವರು ವಿಪರೀತ ಸಿಗರೇಟ್ ಸೇದುತ್ತಿದ್ದವರು. ಲೇಟೆಕ್ಸ್ ಹಳದಿಗೆ ತಿರುಗಿತ್ತು. ಈ ಸಲ ಅದನ್ನು ಧರಿಸಿದ ಡಿಕ್ ವಾರ್ಲಾಕ್ ಅವರ ತಲೆ ಅಗಲ, ಹಾಗಾಗಿ ಮುಖ ಬೇರೆಯೇ ಆಕಾರಕ್ಕೆ ಹಿಗ್ಗಿತು. 1988ರ ನಾಲ್ಕನೇ ಭಾಗಕ್ಕೆ ಹೊಸದು ಮಾಡಿಸಿದರು, ಒಂದು ದೃಶ್ಯದಲ್ಲಿ ಅದರ ಕೂದಲೇ ಬಿಳಿಹಳದಿ! 1998ರ ಚಿತ್ರದಲ್ಲಿ ಬೇರೆ ಬೇರೆ ಮುಖವಾಡ ಬಂದುಹೋಗುತ್ತವೆ, ಒಂದು ಶಾಟ್‌ನಲ್ಲಂತೂ ಕಂಪ್ಯೂಟರ್‌ನಲ್ಲಿ ಮಾಡಿದ ಮುಖ. ಅಚ್ಚು, ಬಣ್ಣ, ಕೂದಲು ಎಲ್ಲ ನಕಲು ಮಾಡಬಹುದು. ಕ್ಯಾಸಲ್ ಅವರ ಕತ್ತು, ಕಂಡಿ ಅವರ ದೀಪ, ಕಣ್ಣಿನ ತೂತಿನೊಳಗೆ ಬೀಳದ ಬೆಳಕು, ಇವೆಲ್ಲ ಆ ಮುಖವಾಡದ ಭಾಗವೇ ಆಗಿದ್ದವು. ಬಿಡಿಭಾಗ ಒಂದನ್ನೇ ಬದಲಿಸಿ ಇಡೀ ಯಂತ್ರ ಮೊದಲಿನ ಹಾಗೆ ಓಡಲಿ ಅಂದರೆ ಆಗುತ್ತಾ?

2018ರಲ್ಲಿ ಮೇಕಪ್ ಕಲಾವಿದ ಕ್ರಿಸ್ಟೋಫರ್ ನೆಲ್ಸನ್ ಬೇರೆ ದಾರಿ ಹಿಡಿದರು. ಹೊಚ್ಚ ಹೊಸ ನಕಲಿನ ಬದಲು, ನಲವತ್ತು ವರ್ಷಕ್ಕೆ ಲೇಟೆಕ್ಸ್ ಹೇಗೆ ಸುಕ್ಕಾಗಿ ಬಿರುಕು ಬಿಡುತ್ತೋ ಹಾಗೆ ಮುದಿಯಾದ ಮುಖವಾಡ ಮಾಡಿದರು. ಒಂದು ಸಣ್ಣ ದೃಶ್ಯಕ್ಕೆ ಅದನ್ನು ತೊಡಲು ನಿಕ್ ಕ್ಯಾಸಲ್ ಮತ್ತೆ ಬಂದರು.