ಕ್ಯಾಕ್ಟಸ್‌ಗೆ ಮೊದಲು ಬೆಳಕು, ಆಮೇಲೆ ನೀರು

ಮನೆಯೊಳಗೆ ಇಟ್ಟ ಕ್ಯಾಕ್ಟಸ್ ಸತ್ತರೆ ಅಪವಾದ ಬರುವುದು ನೀರಿನ ಮೇಲೆ. ನೀರು ಜಾಸ್ತಿಯಾಯಿತು, ಬುಡ ಕೊಳೆಯಿತು ಎನ್ನುತ್ತಾರೆ. ಸುಳ್ಳಲ್ಲ, ಆದರೆ ಅದು ಅರ್ಧ ಸತ್ಯ. ಅಷ್ಟೇ ನೀರನ್ನು ಬಿಸಿಲು ಬೀಳುವ ಕಿಟಕಿಯಲ್ಲಿದ್ದ ಕುಂಡಕ್ಕೆ ಹಾಕಿದ್ದರೆ ಮಣ್ಣು ಬೇಗ ಆರುತ್ತಿತ್ತು, ಗಿಡವೂ ಅದನ್ನು ಬೆಳವಣಿಗೆಗೆ ಬಳಸಿಕೊಳ್ಳುತ್ತಿತ್ತು. ಬೆಳಕಿಲ್ಲದ ಮೂಲೆಯಲ್ಲಿ ಗಿಡ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿ ಕೂತಿರುತ್ತದೆ. ಬೇರು ನೀರು ಕೇಳುವುದಿಲ್ಲ, ತೇವ ಹಾಗೇ ನಿಲ್ಲುತ್ತದೆ, ಶಿಲೀಂಧ್ರಕ್ಕೆ ಅಷ್ಟು ಸಾಕು. ವಾರಕ್ಕೊಮ್ಮೆ ನೀರೋ ತಿಂಗಳಿಗೊಮ್ಮೆಯೋ ಎಂದು ಕೇಳುವ ಮೊದಲು ಗಿಡ ನಿಂತ ಜಾಗದಲ್ಲಿ ಬೆಳಕೆಷ್ಟು ಎಂದು ನೋಡಬೇಕು. ನೀರಿನ ಲೆಕ್ಕ ಅದರಿಂದಲೇ ಹುಟ್ಟುವಂಥದ್ದು.

ತೊಂದರೆಯೆಂದರೆ, ಬೆಳಕನ್ನು ಅಳೆಯುವುದಕ್ಕೆ ನಮ್ಮ ಕಣ್ಣು ನಂಬಿಕಸ್ಥ ಸಾಧನವಲ್ಲ. ಮಂದ ಬೆಳಕಿಗೆ ಪಾಪೆ ಹಿಗ್ಗುತ್ತದೆ, ಪ್ರಖರ ಬೆಳಕಿಗೆ ಕುಗ್ಗುತ್ತದೆ; ಹಾಗಾಗಿ ನಡುಮನೆಯೂ ಅಂಗಳವೂ ನಮಗೆ ತಕ್ಕಮಟ್ಟಿಗೆ ಬೆಳಕಾಗಿಯೇ ಕಾಣುತ್ತವೆ. ಅಂಕಿಗಳು ಬೇರೆಯೇ ಹೇಳುತ್ತವೆ. ಬೆಳಕಿನ ಅಳತೆ ಲಕ್ಸ್. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಮರದ ಕೆಳಗಿನ ತೆಳು ನೆರಳಿನಲ್ಲೂ 10,000ಕ್ಕೆ ಕಡಿಮೆಯಿಲ್ಲ. ಚೆನ್ನಾಗಿ ದೀಪ ಹಾಕಿದ ಕಚೇರಿಯ ಮೇಜಿನ ಮೇಲೆ 300ರಿಂದ 500, ರಾತ್ರಿ ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಎಷ್ಟೋ ಸಲ 150 ಕೂಡ ಇರುವುದಿಲ್ಲ. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿದರೂ ನಮಗೆ ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಮೊಬೈಲ್‌ನ ಲಕ್ಸ್ ಮೀಟರ್ ಆ್ಯಪ್ ಕರಾರುವಾಕ್ಕಲ್ಲದಿದ್ದರೂ ಎರಡು ಜಾಗಗಳನ್ನು ಹೋಲಿಸಲು ಸಾಕು. ಅದೂ ಬೇಡವೆಂದರೆ ಮಧ್ಯಾಹ್ನ ಗಿಡದ ಮೇಲೆ ಕೈ ಹಿಡಿದು ನೋಡಿ. ಬೆರಳುಗಳ ನೆರಳು ಗೆರೆ ಎಳೆದಂತೆ ಬಿದ್ದರೆ ಬೆಳಕಿದೆ; ನೆರಳೇ ಮೂಡದಿದ್ದರೆ ಅದು ಕ್ಯಾಕ್ಟಸ್ ಇಡುವ ಜಾಗವಲ್ಲ.

ಇಷ್ಟು ಬೆಳಕು ಯಾಕೆ ಬೇಕೆಂಬುದು ಗಿಡದ ರಚನೆಯಲ್ಲೇ ಇದೆ. ಬಹುತೇಕ ಕ್ಯಾಕ್ಟಸ್‌ಗಳಿಗೆ ಎಲೆಯಿಲ್ಲ. ಆಹಾರ ತಯಾರಿಸುವ ಹಸಿರೆಲ್ಲ ಕಾಂಡದ ಚರ್ಮದಲ್ಲಿ. ಆ ಚರ್ಮದ ರಂಧ್ರಗಳು ನೀರು ಆವಿಯಾಗದಿರಲೆಂದು ಹಗಲಿನಲ್ಲಿ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಶೇಖರವಾಗುತ್ತದೆ, ಹಗಲಿನ ಬೆಳಕಿನಲ್ಲಿ ಅದು ಸಕ್ಕರೆಯಾಗುತ್ತದೆ. ಬೆಳಕು ಸಾಲದಿದ್ದರೆ ಈ ಸಕ್ಕರೆಯೂ ಸಾಲದು. ಆಗ ಗಿಡ ಬೆಳಕನ್ನು ಹುಡುಕಿಕೊಂಡು ತುದಿಯಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಗುಂಡಗಿದ್ದದ್ದು ಮೇಲೆ ಚೂಪಾಗುತ್ತದೆ, ಕಂಬದಂಥದ್ದು ಕತ್ತು ಹಿಸುಕಿದಂತೆ ಸಣ್ಣಗಾಗುತ್ತದೆ, ಬಣ್ಣ ಬಿಳಿಚುತ್ತದೆ, ಮುಳ್ಳು ವಿರಳವಾಗುತ್ತದೆ. "ನೋಡಿ, ಎಷ್ಟು ಬೇಗ ಎತ್ತರವಾಯಿತು" ಎಂದು ಹಿಗ್ಗುವವರಿದ್ದಾರೆ. ಅದು ಬೆಳವಣಿಗೆಯಲ್ಲ, ಹಸಿವು. ಒಮ್ಮೆ ಸಣ್ಣಗಾದ ಭಾಗ ಮತ್ತೆ ದಪ್ಪವಾಗುವುದೂ ಇಲ್ಲ.

ಎಲ್ಲಿಡಬೇಕು ಎಂಬುದಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವ ಸಿದ್ಧ ಉತ್ತರ ದಕ್ಷಿಣದ ಕಿಟಕಿ. ಅದು ಇಂಗ್ಲೆಂಡಿಗೆ, ಅಮೆರಿಕಕ್ಕೆ ಸರಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಉಳಿದ ತಿಂಗಳುಗಳಲ್ಲೂ ಸೂರ್ಯ ಎತ್ತರದಲ್ಲಿದ್ದಾಗ ಸಜ್ಜಾ ಅವನನ್ನು ತಡೆಯುತ್ತದೆ. ನಮ್ಮ ಮನೆಗಳಿಗೆ ಪೂರ್ವದ ಕಿಟಕಿಯೇ ವಾಸಿ: ಬೆಳಗಿನ ಬಿಸಿಲು ಓರೆಯಾಗಿ ಸಜ್ಜಾದ ಅಡಿಯಿಂದ ಒಳಗೆ ಬರುತ್ತದೆ, ಮೂರು ನಾಲ್ಕು ಗಂಟೆ ನಿಲ್ಲುತ್ತದೆ, ಸುಡುವುದಿಲ್ಲ. ಪಶ್ಚಿಮದ್ದೂ ಆಗುತ್ತದೆ, ಮಾರ್ಚ್-ಏಪ್ರಿಲ್ ಸಂಜೆಗಳಲ್ಲಿ ತೆಳು ಪರದೆ ಬೇಕಾದೀತು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಎಂಬ ಸಲಹೆಯನ್ನೂ ಕಣ್ಣುಮುಚ್ಚಿ ಪಾಲಿಸಬೇಕಿಲ್ಲ. ಅವರಿಗೆ ಮಬ್ಬಿನ ಕಾಲ ಡಿಸೆಂಬರ್. ಕರಾವಳಿ, ಮಲೆನಾಡುಗಳಿಗೆ ಅದು ಜೂನ್‌ನಿಂದ ಆಗಸ್ಟ್. ಮೋಡ ಕವಿದು ಗಾಳಿಯೇ ಒದ್ದೆಯಾದ ಆ ತಿಂಗಳುಗಳಲ್ಲಿ ಒಳಗಿನ ಕ್ಯಾಕ್ಟಸ್‌ಗೆ ನೀರು ಹೆಚ್ಚುಕಡಿಮೆ ಬೇಡವೇ ಬೇಡ.

ಹಾಗಾದರೆ ಮರುಭೂಮಿಯ ಗಿಡವಲ್ಲವೇ, ತಾರಸಿಯ ಬಿಸಿಲಿಗೇ ಇಟ್ಟುಬಿಡೋಣ ಎನ್ನಬಹುದು. ಮರುಭೂಮಿಯೇ ಇದನ್ನು ಒಪ್ಪುವುದಿಲ್ಲ. ಅರಿಜೋನಾದ ಸೊನೋರಾ ಮರುಭೂಮಿಯಲ್ಲಿ ನಲವತ್ತು ಅಡಿ ಬೆಳೆಯುವ ಸಗ್ವಾರೊ ಕ್ಯಾಕ್ಟಸ್‌ನ ಸಸಿಗಳು ಬದುಕಿ ಉಳಿಯುವುದು ಹೆಚ್ಚಾಗಿ ಪಾಲೊವರ್ಡೆಯಂಥ ಮರಗಳ ನೆರಳಿನಲ್ಲಿ. ಮೊದಲ ಎಂಟು ವರ್ಷಕ್ಕೆ ಒಂದೂವರೆ ಅಂಗುಲ ಬೆಳೆದರೆ ಹೆಚ್ಚು. ಅಷ್ಟು ಪುಟ್ಟ ದೇಹಕ್ಕೆ ತೆರೆದ ಬಿಸಿಲು ತಡೆಯದು. ನರ್ಸರಿಯ ಹಸಿರು ಬಲೆಯ ಕೆಳಗೆ ಬೆಳೆದ ಗಿಡವೂ ಹಾಗೆಯೇ. ಕಿಟಕಿಯ ಗಾಜು ಅತಿನೇರಳೆ ಕಿರಣಗಳಲ್ಲಿ ಹೆಚ್ಚು ಸುಡುವ ಭಾಗವನ್ನು ಬಹುಮಟ್ಟಿಗೆ ತಡೆಯುವುದರಿಂದ ಮನೆಯೊಳಗಿದ್ದ ಚರ್ಮಕ್ಕೆ ಅದರ ಅಭ್ಯಾಸವಿರುವುದಿಲ್ಲ. ಒಂದೇ ದಿನ ಹೊರಗಿಟ್ಟರೆ ಬಿಸಿಲು ಬಿದ್ದ ಕಡೆ ಬಿಳಿ ಅಥವಾ ಕಂದು ಕಲೆ ಏಳುತ್ತದೆ, ಮಾಯುವುದಿಲ್ಲ. ಎರಡು ಮೂರು ವಾರ ದಿನಕ್ಕಿಷ್ಟು ಎಂದು ಬಿಸಿಲು ಹೆಚ್ಚಿಸುತ್ತ ಹೋಗಬೇಕು.

ಎಲ್ಲ ಕ್ಯಾಕ್ಟಸ್‌ಗಳೂ ಮರುಭೂಮಿಯವಲ್ಲ ಎಂಬುದೂ ನಿಜ. ನಮ್ಮ ಅಂಗಳಗಳಲ್ಲಿ ಮಳೆಗಾಲದ ರಾತ್ರಿ ಅರಳಿ, ಊದಿನಕಡ್ಡಿ ಹಚ್ಚಿಸಿಕೊಳ್ಳುವ ಬ್ರಹ್ಮಕಮಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕ್ಯಾಕ್ಟಸ್. ಹಿಮಾಲಯದ ಬ್ರಹ್ಮಕಮಲಕ್ಕೂ ಅದಕ್ಕೂ ನಂಟಿಲ್ಲ. ಅದಕ್ಕೆ ಸೋಸಿ ಬಂದ ಬೆಳಕು ಸಾಕು, ನಡುಹಗಲಿನ ಬಿಸಿಲಿಗೆ ಅದರ ಎಲೆಯಂಥ ಕಾಂಡ ಹಳದಿಯಾಗುತ್ತದೆ. ನರ್ಸರಿಯಲ್ಲಿ ಎಲ್ಲರ ಕಣ್ಣು ಕುಕ್ಕುವ ಕೆಂಪು, ಹಳದಿ ಗುಂಡಿನ ಕಸಿ ಕ್ಯಾಕ್ಟಸ್‌ಗೂ ನೇರ ಬಿಸಿಲು ಬೇಡ. ಮೇಲಿನ ಗುಂಡಿನಲ್ಲಿ ಹಸಿರು ದ್ರವ್ಯವೇ ಇಲ್ಲ, ಕೆಳಗಿನ ಹಸಿರು ಕಾಂಡ ದುಡಿದು ಅದನ್ನು ಸಾಕುತ್ತದೆ. ಆದರೆ ನೆರಳು ಬೇಕೆಂದರೆ ಕತ್ತಲೆ ಬೇಕೆಂದಲ್ಲ. ಕಾಡಿನ ನೆರಳು ನಮ್ಮ ಹಾಲ್‌ನ ಮೂಲೆಗಿಂತ ಎಷ್ಟೋ ಪಾಲು ಬೆಳಕು.

"ಆಫೀಸ್ ಮೇಜಿನ ಮೇಲೆ ಒಂದು ವರ್ಷದಿಂದ ಚೆನ್ನಾಗೇ ಇದೆಯಲ್ಲ" ಎಂಬ ಆಕ್ಷೇಪ ಗಟ್ಟಿಯಾಗಿ ಕೇಳಿಸುತ್ತದೆ, ನಿಲ್ಲುವುದಿಲ್ಲ. ಕ್ಯಾಕ್ಟಸ್ ನೀರನ್ನೂ ಆಹಾರವನ್ನೂ ಮೈಯಲ್ಲಿ ಕೂಡಿಟ್ಟುಕೊಳ್ಳುವ ಗಿಡ. ಆದಾಯ ನಿಂತ ಮೇಲೂ ಠೇವಣಿ ಕರಗಿಸಿ ತಿಂಗಳುಗಟ್ಟಲೆ ಹಸಿರಾಗಿ ಕಾಣಬಲ್ಲದು. ಬೇರೆ ಗಿಡ ಹದಿನೈದು ದಿನಕ್ಕೆ ಎಲೆ ಉದುರಿಸಿ ದೂರು ಕೊಡುವಲ್ಲಿ ಇದು ಬಾಯಿ ಬಿಡುವುದಿಲ್ಲ. ಬಲ್ಬ್ ಹಾಕುತ್ತೇವೆ ಎನ್ನುವವರ ದಾರಿ ಮಾತ್ರ ಸರಿಯಾದದ್ದು, ದೂರ ಗಮನಿಸಿದರೆ. ಹತ್ತು ವ್ಯಾಟ್‌ನ ಸಾಧಾರಣ ಬಿಳಿ ಎಲ್‌ಇಡಿ ಬಲ್ಬ್ ಒಂದಡಿ ದೂರದಲ್ಲಿ ಸುಮಾರು 2,000 ಲಕ್ಸ್ ಕೊಟ್ಟರೆ ಒಂದು ಮೀಟರ್‌ಗೆ 200ಕ್ಕೆ ಇಳಿಯುತ್ತದೆ. ಛಾವಣಿಯ ದೀಪದಿಂದ ಉಪಯೋಗವಿಲ್ಲ. ಗಿಡದ ನೆತ್ತಿಯ ಹತ್ತಿರಕ್ಕೇ ತರಬೇಕು, ಹನ್ನೆರಡು ಹದಿನಾಲ್ಕು ಗಂಟೆ ಉರಿಸಿ ಆರಿಸಬೇಕು. ರಂಧ್ರ ತೆರೆಯುವುದಕ್ಕೆ ಅದಕ್ಕೆ ರಾತ್ರಿಯೂ ಬೇಕಲ್ಲ.

ಬಿಸಿಲು ಬೀಳುವ ಕಿಟಕಿಯೂ ಇಲ್ಲ, ಗಿಡಕ್ಕೆಂದೇ ಒಂದು ದೀಪ ಉರಿಸುವ ಮನಸ್ಸೂ ಇಲ್ಲ ಎಂದಾದರೆ ಕ್ಯಾಕ್ಟಸ್ ಕೊಳ್ಳಬೇಡಿ. ಮನಿ ಪ್ಲಾಂಟ್ ತನ್ನಿ, ಮಂದ ಬೆಳಕಿನಲ್ಲೂ ಅದು ಬಾಳುತ್ತದೆ.