ಸಾಲ ತೀರಿಕೆಯೂ ನೆಂಟಸ್ತಿಕೆಯೂ

ನಮ್ಮ ಹಳ್ಳಿಯವರಿಗೆ ಲೆಕ್ಕವಿಡುವ ಅಭ್ಯಾಸವಿಲ್ಲವೆಂದು ಪಟ್ಟಣದವರು ಆಗಾಗ್ಗೆ ಹೇಳುವುದುಂಟು. ಇದು ನಿಜವಲ್ಲ. ಧಾರೆ ಮುಗಿದ ಕೂಡಲೆ ಮದುವೆಯ ಚಪ್ಪರದ ಒಂದು ಮೂಲೆಯಲ್ಲಿ ಒಬ್ಬರು ಪುಸ್ತಕವನ್ನು ಬಿಚ್ಚಿಕೊಂಡು ಕುಳಿತು, ಯಾರು, ಯಾವ ಊರಿನವರು, ಎಷ್ಟು ಮುಯ್ಯಿ ಮಾಡಿದರು ಎಂಬುದನ್ನು ಒಂದು ರೂಪಾಯಿಯೂ ತಪ್ಪದಂತೆ ಬರೆದುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಪುಸ್ತಕವು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಜೋಪಾನವಾಗಿರುತ್ತದೆ. ಮುಯ್ಯಿ ಮಾಡಿದವರ ಮನೆಯಲ್ಲಿ ಶುಭಕಾರ್ಯವೊದಗಿದಾಗ ಅದನ್ನು ತೆಗೆದು ನೋಡಿ, ಬಂದದ್ದಕ್ಕೆ ಸ್ವಲ್ಪ ಸೇರಿಸಿ ಹಿಂದಿರುಗಿಸುವುದು ರೂಢಿ. ಆದರೆ ಅದೇ ಮನೆಯ ಯಜಮಾನರನ್ನು, ತಮಗಿರುವ ಒಟ್ಟು ಸಾಲವೆಷ್ಟು, ವರ್ಷಕ್ಕೆ ಸಲ್ಲಿಸುವ ಬಡ್ಡಿಯೆಷ್ಟು ಎಂದು ಕೇಳಿದರೆ, "ಇದೆ, ಒಂದಷ್ಟು" ಎಂಬ ಉತ್ತರವೇ ದೊರೆಯುವುದು. ಮುಯ್ಯಿಗಿರುವ ಪುಸ್ತಕವು ಸಾಲಕ್ಕಿಲ್ಲ.

ಸಾಲವನ್ನು ತೀರಿಸಬೇಕೆಂದು ಮನಸ್ಸು ಮಾಡಿದ ರೈತನಿಗೆ ಸಾಮಾನ್ಯವಾಗಿ ದೊರೆಯುವ ಬುದ್ಧಿವಾದ ಒಂದೇ: ಹಬ್ಬ, ಜಾತ್ರೆ, ಮದುವೆಗಳ ಖರ್ಚನ್ನು ಬಿಟ್ಟುಬಿಡು ಎಂಬುದು. ಇದನ್ನು ಹೇಳುವುದು ಸುಲಭ. ಹಳ್ಳಿಯಲ್ಲಿ ಬಾಳುವವನು ಇದನ್ನು ಅಕ್ಷರಶಃ ಪಾಲಿಸಿದರೆ ಏನಾಗುವುದೆಂಬುದನ್ನು ಹೇಳುವವರು ಯೋಚಿಸಿರುವುದಿಲ್ಲ. ಕರೆದ ಮನೆಗೆ ಹೋಗದವನ ಹೊಲಕ್ಕೆ ನಾಟಿಯ ಕಾಲದಲ್ಲಿ ಮುಯ್ಯಾಳು ಬರುವುದಿಲ್ಲ. ಕೂಲಿಯಾಳಿಗೆ ನಗದು ಕೊಡಬೇಕಾಗುತ್ತದೆ. ಸಂಘದಲ್ಲಿ ಜಾಮೀನು ನಿಲ್ಲುವವರು ಹಿಂಜರಿಯುತ್ತಾರೆ. ಕೊಳವೆ ಬಾವಿಯ ಮೋಟಾರು ಸುಟ್ಟ ವಾರದಲ್ಲಿ ಒಂದು ಸರದಿ ನೀರು ಕೊಡುವ ನೆರೆಯವನೂ, ನಡುರಾತ್ರಿ ಆಸ್ಪತ್ರೆಗೆ ಗಾಡಿ ಹೊರಡಿಸುವ ದಾಯಾದಿಯೂ ದೂರವಾಗುತ್ತಾರೆ. ಇವುಗಳಿಗೆಲ್ಲ ಬೆಲೆಯುಂಟು. ನೆಂಟಸ್ತಿಕೆಯನ್ನು ಕಡಿದುಕೊಂಡು ಉಳಿಸಿದ ಹಣವು ಇಂಥ ದಾರಿಗಳಲ್ಲಿ ಹೊರಟುಹೋಗುವುದು.

ಮದುವೆ ಮುಂಜಿಗಳೇ ರೈತನ ಸಾಲಕ್ಕೆ ಮೂಲವೆಂಬ ನಂಬಿಕೆಯು ಹಳೆಯದು. ೧೮೭೫ರಲ್ಲಿ ಪುಣೆ ಮತ್ತು ಅಹಮದ್‌ನಗರದ ಸೀಮೆಗಳಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಕಸಿದು ಸುಟ್ಟರು. ಇದರ ಕಾರಣವನ್ನು ವಿಚಾರಿಸಲು ಸರ್ಕಾರದವರು ನೇಮಿಸಿದ ಆಯೋಗವು, ಮದುವೆ ಹಬ್ಬಗಳ ಖರ್ಚಿಗೆ ಜನರು ಅತಿಯಾದ ಪ್ರಾಧಾನ್ಯ ಕೊಟ್ಟಿದ್ದಾರೆಂದೂ, ಆ ಖರ್ಚು ರೈತನ ಶಕ್ತಿಯನ್ನು ಮೀರಿದ್ದಾದರೂ ಅಪರೂಪಕ್ಕೆ ಬರತಕ್ಕದ್ದಾದುದರಿಂದ ಅದೇ ಸಾಲದ ಬೀಜವಾಗಿರುವುದು ವಿರಳವೆಂದೂ ಅಭಿಪ್ರಾಯಪಟ್ಟಿತು. ಸಣ್ಣ ಸಾಲವೊಂದು ಬಡ್ಡಿಯಿಂದ ಬೆಳೆಯುತ್ತ, ಹಳೆಯ ಪತ್ರದ ಮೇಲೆ ಹೊಸ ಪತ್ರವಾಗುತ್ತ ಹೋದುದೇ ಅಲ್ಲಿ ಹೆಚ್ಚಿನ ಕೇಡನ್ನು ಮಾಡಿತ್ತು. ಇಂದಿನ ಮದುವೆಗಳು ಆ ಕಾಲದ ಮದುವೆಗಳಲ್ಲವೆಂಬುದು ದಿಟ. ಆದಾಗ್ಯೂ ಬಡ್ಡಿಯನ್ನೂ ನೆಂಟಸ್ತಿಕೆಯ ಖರ್ಚನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ನೋಡುವವರೆಗೆ ಯಾವುದು ಎಷ್ಟು ತಿನ್ನುತ್ತಿದೆಯೆಂಬುದು ತಿಳಿಯಲಾರದು.

ದೃಷ್ಟಾಂತಕ್ಕಾಗಿ, ಎರಡು ಎಕರೆ ನೀರಾವರಿ, ಮೂರು ಎಕರೆ ಖುಷ್ಕಿ, ಎರಡು ಸೀಮೆಹಸು ಉಳ್ಳ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಬೇಸಾಯದ ವೆಚ್ಚ ಕಳೆದು, ಬೆಳೆ ಮತ್ತು ಹಾಲಿನಿಂದ ವರ್ಷಕ್ಕೆ ರೂ. ೨,೪೦,೦೦೦ ಕೈಗೆ ಬರುವುದೆಂದಿಟ್ಟುಕೊಳ್ಳೋಣ. ದಿನಸಿ, ಬಟ್ಟೆ, ಅಡಿಗೆಯ ಅನಿಲಕ್ಕೆ ೮೪,೦೦೦, ಮಕ್ಕಳ ವಿದ್ಯಾಭ್ಯಾಸಕ್ಕೆ ೩೦,೦೦೦, ವೈದ್ಯರಿಗೂ ಔಷಧಕ್ಕೂ ೧೨,೦೦೦, ದೀಪ, ದೂರವಾಣಿ, ಮನೆಯ ದುರಸ್ತಿಗೆ ೧೪,೦೦೦, ಒಟ್ಟು ರೂ. ೧,೪೦,೦೦೦. ಉಳಿಯುವುದು ಒಂದು ಲಕ್ಷ. ಸಹಕಾರ ಸಂಘದ ಬೆಳೆ ಸಾಲವು ಬೇಸಾಯದ ವೆಚ್ಚದೊಡನೆಯೇ ಬಂದುಹೋಗುವುದಾದ್ದರಿಂದ ಅದನ್ನು ಸದ್ಯಕ್ಕೆ ಬದಿಗಿಡೋಣ. ಬೇರೆ ಸಾಲಗಳು ಎರಡು: ಒಡವೆಯ ಮೇಲೆ ರೂ. ೮೦,೦೦೦, ಬಡ್ಡಿ ವರ್ಷಕ್ಕೆ ನೂರಕ್ಕೆ ೧೨, ಖಾಸಗಿಯವರಲ್ಲಿ ರೂ. ೬೦,೦೦೦, ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ತಿಂಗಳಿಗೆ ಮೂರು ಎಂದಾಗ ಹಗುರವಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ಮೂವತ್ತಾರು. ಎರಡು ಸಾಲಗಳ ಬಡ್ಡಿಯೇ ಮೊದಲ ವರ್ಷ ರೂ. ೩೧,೨೦೦ ಆಗುವುದು.

ನೆಂಟಸ್ತಿಕೆಗೆ ಎಷ್ಟು ಹೋಗುತ್ತದೆಂದು ಕೇಳಿದರೆ ಯಜಮಾನನು ಹದಿನೈದು ಸಾವಿರವೆನ್ನುತ್ತಾನೆ. ಮುಯ್ಯಿ, ಬಟ್ಟೆಬರೆ, ಬಸ್ಸಿನ ಛಾರ್ಜು, ಊರಹಬ್ಬಕ್ಕೆ ಕರೆದ ಬೀಗರ ಊಟ, ಹೊಸತೊಡಕಿನ ಮಾಂಸದ ಪಾಲು, ಹರಕೆ, ಪೇಟೆಗೆ ಹೋದಾಗಲೆಲ್ಲ ಜೊತೆಯವರಿಗೆ ಕೊಡಿಸುವ ಕಾಫಿ ತಿಂಡಿ, ಇವೆಲ್ಲವನ್ನೂ ಬರೆದು ಕೂಡಿದಾಗ ಅದು ನಾಲ್ವತ್ತೈದು ಸಾವಿರವಾದರೆ ಆಶ್ಚರ್ಯಪಡಬೇಕಾದ್ದಿಲ್ಲ. ಆಪತ್ತಿಗೆಂದು ಆರು ಸಾವಿರವನ್ನು ತೆಗೆದಿಟ್ಟು, ಮಿಕ್ಕಿದ್ದನ್ನು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಸಾಲಕ್ಕೆ ಕಟ್ಟುತ್ತಾನೆಂದು ಲೆಕ್ಕ ಹಾಕೋಣ.

ಈಗಿನಂತೆಯೇ ನಲವತ್ತೈದು ಸಾವಿರ ಖರ್ಚು ಮಾಡುತ್ತ ಹೋದರೆ ಎರಡು ಸಾಲಗಳೂ ತೀರುವುದು ಐದನೆಯ ವರ್ಷ, ಅದೂ ನಡುವೆ ಹೊಸ ಸಾಲ ಮಾಡದಿದ್ದರೆ. ಆ ಖರ್ಚನ್ನು ತಿಂಗಳಿಗೆ ಎರಡು ಸಾವಿರದಂತೆ ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರಕ್ಕೆ ಕಟ್ಟುಮಾಡಿದರೆ ಸಾಲಕ್ಕೆ ವರ್ಷಕ್ಕೆ ಎಪ್ಪತ್ತು ಸಾವಿರ ದೊರೆಯುವುದು. ಮೊದಲ ವರ್ಷ ಬಡ್ಡಿ ಹೋಗಿ ರೂ. ೩೮,೮೦೦ ಖಾಸಗಿ ಸಾಲದ ಅಸಲಿಗೆ ಸಲ್ಲುತ್ತದೆ. ಎರಡನೆಯ ವರ್ಷ ಖಾಸಗಿ ಸಾಲ ಪೂರ್ತಿ ತೀರಿ, ಒಡವೆಯ ಸಾಲ ರೂ. ೪೮,೪೩೨ಕ್ಕೆ ಇಳಿಯುತ್ತದೆ, ಮೂರನೆಯ ವರ್ಷ ಅದೂ ತೀರಿ, ಹದಿನೈದು ಸಾವಿರಕ್ಕೆ ಮೇಲ್ಪಟ್ಟು ಕೈಯಲ್ಲುಳಿಯುತ್ತದೆ. ಇನ್ನು ನೆಂಟರಿಷ್ಟರ ಮುಖವನ್ನೇ ನೋಡದೆ ಒಂದು ಕಾಸನ್ನೂ ಖರ್ಚು ಮಾಡದವನಿಗೆ ಎಷ್ಟು ವರ್ಷ ಹಿಡಿಯುವುದು? ಎರಡು. ಅಂದರೆ ಐದನ್ನು ಮೂರಕ್ಕೆ ಇಳಿಸುವುದು ಹಿಡಿತದ ಫಲ. ಮೂರನ್ನು ಎರಡಕ್ಕೆ ಇಳಿಸಿಕೊಳ್ಳಲು ಊರನ್ನೇ ಕಳೆದುಕೊಳ್ಳಬೇಕು. ಆ ಒಂದು ವರ್ಷವು ಅಷ್ಟು ಬೆಲೆಯುಳ್ಳದ್ದಲ್ಲವೆಂದು ನಮ್ಮ ಅಭಿಪ್ರಾಯ.

ಇಪ್ಪತ್ತನಾಲ್ಕು ಸಾವಿರದಲ್ಲಿ ಮರ್ಯಾದೆಯಿಂದ ನಡೆದುಕೊಳ್ಳುವುದು ಸಾಧ್ಯವೇ ಎಂದು ಕೇಳಬಹುದು. ಇದಕ್ಕೆ ಮುಯ್ಯಿ ಪುಸ್ತಕವೇ ಸಹಾಯಮಾಡುವುದು. ನಮಗೆ ಬಂದ ಮುಯ್ಯಿಯು ಬಡ್ಡಿಯಿಲ್ಲದ ಸಾಲ, ಅದನ್ನು ಹಿಂದಿರುಗಿಸಲೇಬೇಕು. ಆದರೆ ಯಾರಿಗೆ, ಸುಮಾರು ಯಾವಾಗ ಎಂಬುದನ್ನು ಮುಂಚಿತವಾಗಿ ಊಹಿಸಬಹುದು. ಪುಸ್ತಕದಲ್ಲಿರುವ ಯಾವ ಯಾವ ಮನೆಗಳಲ್ಲಿ ಬೆಳೆದ ಮಕ್ಕಳಿದ್ದಾರೆ, ಯಾರು ಮನೆ ಕಟ್ಟಿಸುತ್ತಿದ್ದಾರೆ ಎಂಬುದು ಊರಿಗೆಲ್ಲ ತಿಳಿದ ಸಂಗತಿ. ಈ ವರ್ಷ ಹಿಂದಿರುಗಿಸಬೇಕಾಗಬಹುದಾದ ಮುಯ್ಯಿಗಳನ್ನು ಒಂದು ಹಾಳೆಗೆ ಇಳಿಸಿದರೆ, ಆಕಸ್ಮಿಕವೆಂದು ತೋರುತ್ತಿದ್ದ ಖರ್ಚಿನ ಬಹುಭಾಗವು ಗೊತ್ತಾದ ಖರ್ಚಾಗುವುದು. ಮದುವೆಗಳು ವರ್ಷವಿಡೀ ಬರುವುದಿಲ್ಲ. ಆಷಾಢದಲ್ಲಿ ಇಲ್ಲವೇ ಇಲ್ಲ, ಮಾಘ ಫಾಲ್ಗುಣ ವೈಶಾಖಗಳಲ್ಲಿ ಒಂದರ ಮೇಲೊಂದು. ಆ ತಿಂಗಳುಗಳಲ್ಲಿ ಹಣವಿಲ್ಲದೆ ಕೈಸಾಲಕ್ಕೆ ಓಡುವುದೇ ಮೂರು ರೂಪಾಯಿ ಬಡ್ಡಿಗೆ ಬಾಗಿಲು. ಹಾಲಿನ ಬಟವಾಡೆ ಬಂದ ದಿನವೇ ಗೊತ್ತಾದ ಪಾಲನ್ನು ಬೇರೆ ಡಬ್ಬಿಗೆ ಹಾಕಿ, ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟದಿರುವುದು ಒಳ್ಳೆಯದು. ಕೆಲವು ಮನೆಗಳಲ್ಲಿ ಒಂದೆರಡು ಕುರಿಮರಿಗಳನ್ನು ನೆಂಟಸ್ತಿಕೆಗೆಂದೇ ಬಿಟ್ಟು ಸಾಕುವುದುಂಟು. ಇದೂ ಡಬ್ಬಿಯೇ, ಕಾಲುಳ್ಳ ಡಬ್ಬಿ.

ಹಣವನ್ನು ಬಿಟ್ಟು ಕೊಡಬಹುದಾದ ವಸ್ತುಗಳನ್ನು ನಾವು ಮರೆಯುತ್ತ ಬಂದಿದ್ದೇವೆ. ಹಿಂದೆ ಮದುವೆಯ ಮನೆಗೆ ಒಬ್ಬರು ತೆಂಗಿನಕಾಯಿ, ಒಬ್ಬರು ಬೆಲ್ಲ, ಒಬ್ಬರು ಬಾಳೆಲೆ, ಮತ್ತೊಬ್ಬರು ತರಕಾರಿ ಕಳುಹಿಸುತ್ತಿದ್ದರು. ಚಪ್ಪರ ಹಾಕುವುದು, ಸೌದೆ ಒಡೆಯುವುದು, ಬಡಿಸುವುದು ಊರವರ ಕೈಯಿಂದಲೇ ಆಗುತ್ತಿತ್ತು. ಈಗ ಛತ್ರ, ಗುತ್ತಿಗೆಯ ಅಡಿಗೆ, ಬಾಡಿಗೆಯ ದೀಪಗಳು ಬಂದು ಆ ಕೆಲಸಗಳೆಲ್ಲ ನಗದಿನ ಬಾಬುಗಳಾಗಿವೆ. ಸಾಲ ತೀರಿಸುತ್ತಿರುವವನು ಹಿಂದಿನ ದಿನವೇ ಹೋಗಿ ಎರಡು ದಿನ ನಿಂತು ದುಡಿದರೆ, ಮುಯ್ಯಿಯಲ್ಲಿ ಐನೂರು ಕಡಿಮೆಯಾದುದನ್ನು ಯಾರೂ ಎಣಿಸುವುದಿಲ್ಲ. ಊಟದ ಹೊತ್ತಿಗೆ ಬಂದು ದೊಡ್ಡ ನೋಟು ಬರೆಸಿ ಹೋದವನಿಗಿಂತ ಇವನ ಹೆಸರೇ ಮನೆಯವರ ಬಾಯಲ್ಲಿ ನಿಲ್ಲುವುದು.

ಇನ್ನು ಯಾವ ಸಾಲವನ್ನು ಮೊದಲು ತೀರಿಸತಕ್ಕದ್ದು ಎಂಬ ವಿಚಾರ. ಸಾಮಾನ್ಯವಾಗಿ, ಹೆಚ್ಚು ಗದ್ದಲ ಮಾಡುವ ಸಾಲಗಾರನಿಗೆ ಮೊದಲು ಕೊಟ್ಟು ಬಾಯಿ ಮುಚ್ಚಿಸುವುದು ರೂಢಿ, ಇದು ತಪ್ಪು. ಬೆಳೆ ಸಾಲದ ಗಡುವನ್ನು ಎಲ್ಲಕ್ಕಿಂತ ಮೊದಲು ಕಾಯಬೇಕು. ಕಿಸಾನ್ ಕ್ರೆಡಿಟ್ ಕಾರ್ಡಿನ ಏರ್ಪಾಡು ೧೯೯೮ರಲ್ಲಿ ಮೊದಲಾಯಿತು. ಆ ಮೂಲಕ ದೊರೆಯುವ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ನೂರಕ್ಕೆ ಏಳಾದರೂ, ಗೊತ್ತಾದ ಮಿತಿಯೊಳಗೆ ಸಕಾಲಕ್ಕೆ ತೀರಿಸಿದವರಿಗೆ ಮೂರು ರಿಯಾಯಿತಿಯಾಗಿ ನಾಲ್ಕೇ ಬೀಳುತ್ತದೆ. ಕರ್ನಾಟಕದ ಸಹಕಾರ ಸಂಘಗಳಲ್ಲಿ ಸಕಾಲಕ್ಕೆ ತೀರಿಸುವವರಿಗೆ ಬಡ್ಡಿಯೇ ಇಲ್ಲ. ಈ ಸೌಲಭ್ಯದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸುವುದಾಗಿ ೨೦೨೩ರ ರಾಜ್ಯದ ಆಯವ್ಯಯದಲ್ಲಿ ಪ್ರಕಟಿಸಲಾಯಿತು. ಗಡುವು ತಪ್ಪಿದವನಿಗೆ ಈ ಅನುಕೂಲವೂ ತಪ್ಪುತ್ತದೆ. ಮನ್ನಾ ಆಗುವುದೆಂದು ಕಾದು ಗಡುವನ್ನು ಕಳೆದುಕೊಂಡವರನ್ನು ನಾವು ಬಲ್ಲೆವು. ೨೦೦೮ರ ಕೇಂದ್ರದ ಮನ್ನಾ, ೨೦೧೮ರ ರಾಜ್ಯದ ಮನ್ನಾ ಎರಡೂ ಬ್ಯಾಂಕು ಮತ್ತು ಸಂಘಗಳ ಸಾಲಕ್ಕೆ ಸಂಬಂಧಪಟ್ಟವು, ಖಾಸಗಿ ಸಾಲವನ್ನು ಅವು ಮುಟ್ಟಲಿಲ್ಲ. ಬೆಳೆ ಸಾಲದ ತರುವಾಯ ಯಾವುದಕ್ಕೆ ಬಡ್ಡಿ ಹೆಚ್ಚೋ ಅದನ್ನು ತೀರಿಸತಕ್ಕದ್ದು. ಮನೆಯಲ್ಲಿ ಇನ್ನೂ ಒಡವೆಯಿದ್ದರೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಖಾಸಗಿ ಸಾಲವನ್ನು ಮುಗಿಸುವುದು ಮೇಲು: ಮೇಲಿನ ದೃಷ್ಟಾಂತದಲ್ಲಿ ಇದರಿಂದ ಮೊದಲ ವರ್ಷವೇ ರೂ. ೧೪,೪೦೦ ಬಡ್ಡಿ ಉಳಿಯುವುದು. ಆದರೆ ಅಡವಿಟ್ಟ ಒಡವೆಯ ಕಂತನ್ನು ಮರೆತರೆ ಹರಾಜಿನ ನೋಟೀಸು ಬರುವುದೆಂಬುದನ್ನೂ ನೆನಪಿಡಬೇಕು.

ವಾರದ ಕಂತಿನ ಸಾಲಗಳ ವಿಷಯದಲ್ಲಿ ಒಂದು ಮಾತು. ಹತ್ತು ಸಾವಿರವೆಂದು ಬರೆಸಿಕೊಂಡು, ಸಾವಿರ ಮುರಿದು ಒಂಬತ್ತು ಸಾವಿರ ಕೈಗೆ ಕೊಟ್ಟು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲು ಮಾಡುವ ಕ್ರಮವುಂಟು. ಸಾವಿರ ತಾನೇ ಎಂದು ತೋರುವುದು. ಅಸಲು ವಾರವಾರವೂ ಕರಗುತ್ತಿರುವುದನ್ನು ಗಮನಿಸಿ ಲೆಕ್ಕ ಹಾಕಿದರೆ ಈ ಬಡ್ಡಿಯು ವರ್ಷಕ್ಕೆ ನೂರಕ್ಕೆ ನೂರನ್ನು ಮುಟ್ಟುತ್ತದೆ. ಅತಿಬಡ್ಡಿಯನ್ನು ನಿಷೇಧಿಸುವ ಕಾಯಿದೆಯು ನಮ್ಮ ರಾಜ್ಯದಲ್ಲಿ ೨೦೦೪ರಿಂದಲೂ ಇದೆ. ವಸೂಲಿಗಾರರ ಬಲಾತ್ಕಾರವನ್ನು ತಡೆಯಲು ೨೦೨೫ರಲ್ಲಿ ಬೇರೊಂದು ಸುಗ್ರೀವಾಜ್ಞೆಯೂ ಹೊರಟಿತು. ಇವುಗಳ ವಿಷಯವನ್ನು ಊರವರಿಗೆ ಓದಿ ತಿಳಿಸುವುದು ಬಲ್ಲವರ ಕೆಲಸ.

ಊರಿನ ಯಜಮಾನರೂ ದೊಡ್ಡ ಹಿಡುವಳಿದಾರರೂ ಆದ ವಾಚಕರಲ್ಲಿ ಇಲ್ಲಿ ಸ್ವಲ್ಪ ಬಿಚ್ಚಿ ಹೇಳಬೇಕಾಗಿದೆ. ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳು ೧೯೬೧ರ ಕಾಯಿದೆಯಿಂದ ರದ್ದಾದುವು, ಯಜಮಾನಿಕೆ ರದ್ದಾಗಿಲ್ಲ. ತಾವು ಮಗಳ ಮದುವೆಗೆ ಮೂರು ಹೊತ್ತು ಊರೂಟ ಹಾಕಿಸಿದರೆ, ಎರಡು ಎಕರೆಯವನು ಎರಡು ಹೊತ್ತಾದರೂ ಹಾಕಿಸದೆ ತಲೆಯೆತ್ತಿ ನಡೆಯಲಾರ. ಊರಿನ ಅಳತೆಗೋಲು ತಮ್ಮ ಅಂಗಳದಲ್ಲಿದೆ. ತಾವು ಒಂದು ಹೊತ್ತಿಗೆ ನಿಲ್ಲಿಸಿದರೆ ಜಿಪುಣತನವೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ತಮ್ಮಲ್ಲಿ ಇದೆಯೆಂಬುದು ಎಲ್ಲರಿಗೂ ಗೊತ್ತು. ಬಡವನು ನಿಲ್ಲಿಸಿದರೆ ಮಾತ್ರ ಆ ಮಾತು ಬರುವುದು. ಧರ್ಮಸ್ಥಳದಲ್ಲಿ ೧೯೭೨ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳಿಗೆ ಉಳ್ಳವರೂ ತಮ್ಮ ಮಕ್ಕಳನ್ನು ಕರೆದೊಯ್ದರೆ, ಅಲ್ಲಿ ಮದುವೆಯಾಗುವುದು ಬಡತನದ ಗುರುತೆಂಬ ಭಾವನೆ ಹೋಗುವುದು.

ಊರ ಮುಖಂಡನೊಬ್ಬನು ಮನಸ್ಸಿಟ್ಟರೆ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಹುಟ್ಟುಹಾಕಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನ ಗೌಡರೇ. ಸಹಕಾರ ಸಂಘಗಳ ಕಾಯಿದೆಯಾಗಿ ಆಗಿನ್ನೂ ಒಂದೇ ವರ್ಷ ಕಳೆದಿತ್ತು.

ಸಾಲದಲ್ಲಿ ಮುಳುಗುತ್ತಿರುವವನನ್ನು ಗುರುತಿಸುವುದು ಕಷ್ಟವಲ್ಲ. ಅವನು ಮೊದಲು ಪಂಚಾಯತಿ ಕಟ್ಟೆಗೆ ಬರುವುದನ್ನು ಬಿಡುತ್ತಾನೆ. ಅನಂತರ ಮದುವೆಗೆ ಹೆಂಡತಿಯನ್ನು ಮಾತ್ರ ಕಳುಹಿಸುತ್ತಾನೆ. ಆಮೇಲೆ ಹೊಲಕ್ಕೆ ಬಳಸುದಾರಿಯಲ್ಲಿ ಹೋಗುತ್ತಾನೆ. ಇಷ್ಟಾದಾಗ ಅವನನ್ನು ಕರೆಸಬಾರದು, ಯಜಮಾನರೇ ಅವನ ಮನೆಗೆ ಹೋಗತಕ್ಕದ್ದು. ಹಣ ಕೊಡಬೇಕೆಂದಿಲ್ಲ. ಸಾಲಗಳನ್ನು ಒಂದು ಹಾಳೆಯ ಮೇಲೆ ಬರೆಸಿ, ಸಂಘದ ಕಾರ್ಯದರ್ಶಿಯ ಬಳಿಗೆ ಜೊತೆಯಲ್ಲಿ ಹೋಗಿ, ಖಾಸಗಿ ಸಾಲ ಕೊಟ್ಟವನೊಡನೆ ಅಸಲು ಬಡ್ಡಿಗಳ ಕಂತನ್ನು ನಾಲ್ವರೆದುರು ಗೊತ್ತುಮಾಡಿಸಿದರೆ ಸಾಕಾಗುವುದು. ಒಬ್ಬನೇ ಹೊತ್ತ ಸಾಲಕ್ಕೂ ಊರಿಗೆ ತಿಳಿದ ಸಾಲಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸವುಂಟು.

ಲೆಕ್ಕ ಬರೆಯುವ ಕೆಲಸವನ್ನು ಮನೆಯ ಹೆಂಗಸರಿಗೆ ವಹಿಸುವುದು ಲೇಸೆಂದು ತೋರುತ್ತದೆ. ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರವೂ ಉಳಿತಾಯ, ಸಾಲ, ವಸೂಲಿಗಳನ್ನು ಬರೆದು ಅವರ ಕೈ ಪಳಗಿದೆ. ಹೊಸ ಪುಸ್ತಕವನ್ನು ಕೊಳ್ಳಬೇಕಾದ್ದಿಲ್ಲ. ಮುಯ್ಯಿ ಪುಸ್ತಕದ ಹಿಂಬದಿಯ ಹಾಳೆಗಳು ಸಾಮಾನ್ಯವಾಗಿ ಬರಿದಾಗಿರುತ್ತವೆ. ಅದನ್ನು ತಿರುಗಿಸಿ, ಮೊದಲ ಪುಟದಲ್ಲಿ ಸಾಲ ಕೊಟ್ಟವರ ಹೆಸರು, ಅಸಲು, ವರ್ಷದ ಬಡ್ಡಿ, ಗಡುವು. ಎರಡನೆಯ ಪುಟದಲ್ಲಿ ಈ ವರ್ಷ ಹಿಂದಿರುಗಿಸಬೇಕಾದ ಮುಯ್ಯಿಗಳು. ಮೂರನೆಯದರಲ್ಲಿ ಬಟವಾಡೆಯಿಂದ ಡಬ್ಬಿಗೆ ಹಾಕಿದ ಹಣ, ಹೀಗೆ ಬರೆದುಕೊಂಡು, ಸುಗ್ಗಿಯ ಹಣ ಕೈಗೆ ಬರುವ ಮುಂಚೆ, ಮಾಘಮಾಸದ ಲಗ್ನಪತ್ರಿಕೆಗಳು ಬಾಗಿಲಿಗೆ ಬರುವುದಕ್ಕೆ ಮೊದಲೇ, ಒಂದು ಸಂಜೆ ಮನೆಯವರೆಲ್ಲ ಕುಳಿತು ಓದಿಕೊಳ್ಳಬಹುದು.