ನೆಲ ಹಾಸಿ ನೋಡು!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ನೈರೋಬಿಗೆ ಬಂದ ಮೇಲೆ ನಾನು ಅದಕ್ಕೆ ಇನ್ನೊಂದು ಸೇರಿಸಿಕೊಂಡಿದ್ದೇನೆ: ನೆಲ ಹಾಸಿ ನೋಡು!

ಊರಿನಲ್ಲಿ ನಮಗೆ ನೆಲ ಎಂದರೆ ಸಗಣಿ ಸಾರಿಸಿದ ನೆಲ, ಕೆಂಪು ಗಾರೆಯ ನೆಲ, ಕಲಬುರ್ಗಿ ಕಡೆಯವರಿಗೆ ಶಹಾಬಾದ್ ಕಲ್ಲು. ಸೆಕೆಯ ಸೀಮೆಗೆ ತಂಪು ನೆಲವೇ ಸುಖ. ನೈರೋಬಿ ಹಾಗಲ್ಲ. ಭೂಮಧ್ಯರೇಖೆಗೆ ಹತ್ತಿರವಿದ್ದರೂ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಮುಸುಕಿದ ಚಳಿ. ಇಲ್ಲಿನ ಅನೇಕ ಹಳೆಯ ಮನೆಗಳಲ್ಲಿ ಮರದ ತುಂಡು ಜೋಡಿಸಿದ ಪಾರ್ಕೆ ನೆಲವಿದೆ. ನಮ್ಮ ನೆಲಮಹಡಿಯ ಮನೆಗೆ ಮಾತ್ರ ಬರೀ ಸಿಮೆಂಟು.

ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಆದರೂ ಹೂ ಕಟ್ಟುವುದು, ತರಕಾರಿ ಹೆಚ್ಚುವುದು ಎಲ್ಲ ನೆಲದ ಮೇಲೆ ಕೂತೇ ಆಗಬೇಕು. ಹಿಂದಿನ ಸಲ ಶಿವಮೊಗ್ಗದಿಂದ ಮೂರು ತಿಂಗಳಿಗೆಂದು ಬಂದವರು ಒಂದೇ ತಿಂಗಳಿಗೆ “ನಿಮ್ಮೂರಿನ ನೆಲ ಮಂಜುಗಡ್ಡೆ ಕಣೋ” ಎಂದು ಹೊರಟುಬಿಟ್ಟರು. ಮತ್ತೆ ಬರುವ ಮಾತೇ ಎತ್ತಲಿಲ್ಲ. ಅವರನ್ನು ಕರೆಸಬೇಕಾದರೆ ಮೊದಲು ನೆಲ ಬದಲಾಗಬೇಕು. ಅಪ್ಪಟ ಮರ ನಮ್ಮ ಜೇಬಿಗೆ ಎಟುಕದು. ಲ್ಯಾಮಿನೇಟ್ ನಾವೇ ಹಾಸೋಣ ಎಂದು ಶ್ರೀಮತಿ, ಮಗ, ನಾನು ಸೊಂಟ ಕಟ್ಟಿದೆವು.

ಲ್ಯಾಮಿನೇಟ್ ಎಂದರೆ ಮರದ ನಾರನ್ನು ಒತ್ತಿ ಮಾಡಿದ ಗಟ್ಟಿ ಹಲಗೆ. ಅದರ ಮೇಲೆ ಮರದ ಚಿತ್ರದ ಕಾಗದ, ಅದಕ್ಕೂ ಮೇಲೆ ಸುಲಭಕ್ಕೆ ಸವೆಯದ ಪಾರದರ್ಶಕ ಪದರ. ಸ್ವೀಡನ್ನಿನ ಪರ್ಸ್ಟಾರ್ಪ್ ಕಂಪನಿ 1977ರಲ್ಲಿ ಇದನ್ನು ರೂಪಿಸಿತು. ಅಂಟಿಲ್ಲದೆ ‘ಕ್ಲಿಕ್’ ಎಂದು ಕಚ್ಚಿಕೊಳ್ಳುವ ಹಲಗೆಗಳು 1990ರ ದಶಕದಲ್ಲಿ ಬಂದವು. ಹಾಗಾಗಿಯೇ ನಮ್ಮಂಥವರಿಗೂ ಈ ಕೆಲಸ ಸಾಧ್ಯ. ಮೊಳೆಯಿಲ್ಲ, ಅಂಟಿಲ್ಲ, ಇದು ತೇಲುವ ನೆಲ.

ಇದರ ಮೊದಲ ಶತ್ರು ತೇವ. ಹಾಗಾಗಿ ನಾವು ಮಾಡಿದ ಮೊದಲ ಕೆಲಸ, ಒಂದು ಮೀಟರ್ ಚದರದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟಿನ ಮೇಲೆ ಹರಡಿ ಸುತ್ತಲೂ ಟೇಪ್ ಅಂಟಿಸಿ ಮೂರು ದಿನ ಬಿಟ್ಟದ್ದು. ಎತ್ತಿದಾಗ ಅಡಿಯಲ್ಲಿ ನೀರಿನ ಹನಿ ಕಂಡರೆ ನೆಲ ಇನ್ನೂ ಬೆವರುತ್ತಿದೆ ಎಂದರ್ಥ, ಕಾಯಲೇಬೇಕು. ನಮ್ಮದು ಒಣಗಿತ್ತು. ಎರಡು ಮೀಟರ್ ಉದ್ದದ ನೆಟ್ಟನೆಯ ಪಟ್ಟಿಯಿಟ್ಟು ನೋಡಿ, 3 ಮಿಲಿಮೀಟರಿಗಿಂತ ಹೆಚ್ಚು ತಗ್ಗಿದ್ದ ಕಡೆ ಮಟ್ಟ ಮಾಡುವ ಪುಡಿ ಕಲಸಿ ತುಂಬಿದೆವು. ಅದು ಒಣಗಿದ ಮೇಲೆ ಪಾಲಿಥೀನ್ ಹಾಳೆ, ಅದರ ಮೇಲೆ ತೆಳು ಫೋಮ್. ತೇವ ತಡೆಯುವುದು ಪಾಲಿಥೀನ್. ಕಾಲಿಗೆ ಬೆಚ್ಚಗೆನಿಸಲು ಫೋಮ್ ಕೂಡ ಸಹಾಯ ಮಾಡುತ್ತದೆ.

ಹಲಗೆಯ ಪೆಟ್ಟಿಗೆಗಳನ್ನು ತಂದಕೂಡಲೇ ಬಿಚ್ಚಿ ಹಾಸಬಾರದು. ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿ, ಅಲ್ಲಿನ ಹವೆಗೆ ಒಗ್ಗಿಕೊಳ್ಳಲಿ. ಪೆಟ್ಟಿಗೆಯ ಮೇಲೆ ‘ಎಸಿ’ ಗುರುತು ನೋಡಿ. ಮನೆಗೆ ಎಸಿ3 ಅಥವಾ ಎಸಿ4 ಸಾಕು.

ಈಗ ಲೆಕ್ಕ. ನಮ್ಮ ಕೋಣೆ 3.5 ಮೀಟರ್ ಅಗಲ, 4.5 ಮೀಟರ್ ಉದ್ದ, ಅಂದರೆ 15.75 ಚದರ ಮೀಟರ್. ಕತ್ತರಿಸಿ ಹಾಳಾಗುವುದಕ್ಕೆ ಶೇಕಡ 10 ಸೇರಿಸಿದರೆ ಹದಿನೇಳೂ ಕಾಲು. ಹಲಗೆ 193 ಮಿಲಿಮೀಟರ್ ಅಗಲ. ಎರಡೂ ಗೋಡೆಗಳ ಬಳಿ 10 ಮಿಲಿಮೀಟರ್ ಬಿಟ್ಟರೆ ಉಳಿಯುವುದು 3,480. ಇದರಲ್ಲಿ 18 ಸಾಲು ಹಿಡಿದು ಕೊನೆಗೆ 6 ಮಿಲಿಮೀಟರಿನ ಎಳೆ ಉಳಿಯುತ್ತದೆ! ಅಷ್ಟು ಸಣ್ಣ ಚೂರು ನಿಲ್ಲುವುದಿಲ್ಲ. ಅದಕ್ಕೆ ಹತ್ತನೆಯ ಕ್ಲಾಸಿನ ಮಗ ಕಾಗದದ ಮೇಲೆ ದಾರಿ ಹುಡುಕಿದ: ಮೊದಲ ಮತ್ತು ಕೊನೆಯ ಸಾಲನ್ನು ಸುಮಾರು 10 ಸೆಂಟಿಮೀಟರಿಗೆ ಸೀಳಿ, ನಡುವೆ 17 ಪೂರ್ತಿ ಸಾಲು.

ಗೋಡೆಯ ಬಳಿ ಬಿಟ್ಟ ಆ ಸಂದಿ ಬಹಳ ಮುಖ್ಯ. ಮಳೆಗಾಲದಲ್ಲಿ ಹಲಗೆ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಜಾಗ ಕೊಡದಿದ್ದರೆ ನಡುವೆ ಉಬ್ಬಿ ನಿಲ್ಲುತ್ತದೆ. ಹತ್ತಿರ ಇರಬೇಕು, ಒತ್ತಿಕೊಂಡಿರಬಾರದು. ಸಂಸಾರಕ್ಕೂ ಇದೇ ಸೂತ್ರ ಎಂದು ಶ್ರೀಮತಿಯ ಟಿಪ್ಪಣಿ! ಸಂದಿಯನ್ನು ಆಮೇಲೆ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಆ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ಹಲಗೆಗಲ್ಲ. ಅಕ್ಕಪಕ್ಕದ ಸಾಲುಗಳ ಕೀಲುಗಳ ನಡುವೆ 30 ಸೆಂಟಿಮೀಟರ್ ಅಂತರವಿರಲಿ. ಸುತ್ತಿಗೆಯಿಂದ ನೇರ ಹೊಡೆಯದೆ ಮರದ ತುಂಡನ್ನಿಟ್ಟು ತಟ್ಟಿ. ಬಾಗಿಲ ಚೌಕಟ್ಟಿನ ಬುಡ ಕೊಯ್ಯಲು ಮಾತ್ರ ಅನುಭವಸ್ಥ ಫುಂಡಿಯೊಬ್ಬರನ್ನು ಕರೆದೆವು. ಫುಂಡಿ ಎಂದರೆ ಸ್ವಾಹಿಲಿಯಲ್ಲಿ ಕುಶಲಕರ್ಮಿ. ಅವಸರಪಡುತ್ತಿದ್ದ ನಮಗೆ ಅವರು ಹೇಳಿದ ಗಾದೆ, “ಹರಾಕಾ ಹರಾಕಾ ಹೈನಾ ಬರಾಕಾ”. ಅವಸರಕ್ಕೆ ಆಶೀರ್ವಾದವಿಲ್ಲ. ನಮ್ಮ ‘ಆತುರಗಾರನಿಗೆ ಬುದ್ಧಿ ಮಟ್ಟ’ ಇದಕ್ಕೆ ಅಣ್ಣನೋ ತಮ್ಮನೋ! ಎರಡು ವಾರಾಂತ್ಯದಲ್ಲಿ ಕೆಲಸ ಮುಗಿಯಿತು.

ಅಮ್ಮ ಬಂದರು, ಅಂಗೈಯಲ್ಲಿ ನೆಲ ಸವರಿ ನೋಡಿದರು, ಚಾಪೆಯನ್ನೂ ಕೇಳದೆ ಕೂತರು. ಈ ಸಲ ಮೂರು ತಿಂಗಳೂ ಇದ್ದರು. ಆದರೆ ಅವರ ಬಕೆಟ್ಟಿನ ಮೇಲೆ ನಿರ್ಬಂಧ ಹೇರಬೇಕಾಯಿತು. ಈ ನೆಲಕ್ಕೆ ನೀರು ಸುರಿದು ತೊಳೆಯುವಂತಿಲ್ಲ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ದೇವರ ಮುಂದೆ ಅಭಿಷೇಕಕ್ಕೆ ದೊಡ್ಡ ಹರಿವಾಣ, ರಂಗೋಲಿಗೆ ಮಣೆ, ದೀಪದ ಕೆಳಗೆ ತಟ್ಟೆ. ಬಚ್ಚಲಿಗಂತೂ ಇದು ಬೇಡವೇ ಬೇಡ.

ದೀಪಾವಳಿ, ರಾಜ್ಯೋತ್ಸವದ ಹೊತ್ತಿಗೆ ಇಲ್ಲಿ ಸಣ್ಣ ಮಳೆ, ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ಆದ್ದರಿಂದ ಮನೆಯಲ್ಲೇ ಈ ಕೆಲಸಕ್ಕೆ ಕೈಹಾಕುವವರು ಜನವರಿ, ಫೆಬ್ರುವರಿಯ ಒಣ ದಿನಗಳನ್ನು ಆರಿಸಿಕೊಳ್ಳಿ. ಮೊದಲು ಆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಹಲಗೆ ಆಮೇಲೆ ಕೊಳ್ಳಿ.